ಆ ಅಡಿಕೆ ದುಡ್ಡು ಸದ್ಯ ಹಾಗೇ ಇರಲಿ

ಪ್ರೀತಿಯ ಗೆಳೆಯಾ,

ನಿನ್ನ ಉದ್ದದ ಮೆಸೇಜನ್ನು ಎರಡು ಸಲ ಓದಿದೆ. ಈ ವರ್ಷ ಅಡಿಕೆ ಮಂಡಿಯಿಂದ ಬಂದ ದುಡ್ಡು, ಅದರ ಮೇಲೆ ಸೊಸೈಟಿಯಲ್ಲಿ ಒಂದಿಷ್ಟು ಸಾಲ, ಎರಡೂ ಸೇರಿಸಿ ಮನೆಯ ಉಪ್ಪರಿಗೆಯಲ್ಲಿ ಸ್ಟುಡಿಯೊ ಮಾಡಬೇಕು, ರೆಕಾರ್ಡಿಂಗ್ ಮತ್ತು ಮಿಕ್ಸಿಂಗನ್ನೇ ಕಸುಬು ಮಾಡಿಕೊಳ್ಳಬೇಕು ಅಂತ ಬರೆದಿದ್ದೀಯ. ಏನೇನು ಕೊಳ್ಳಬೇಕು ಅಂತ ಪಟ್ಟಿ ಕೇಳಿದ್ದೀಯ. ಪಟ್ಟಿ ಬರೆಯಲು ಕೂತೆ. ಅರ್ಧ ಬರೆಯುವಷ್ಟರಲ್ಲಿ ಮನಸ್ಸು ಒಪ್ಪಲಿಲ್ಲ. ಸಾಗರ, ಹೊಸನಗರದ ಕಡೆಯ ಇನ್ನೂ ಕೆಲವು ಹುಡುಗರು ಇದನ್ನೇ ಕೇಳಿದ್ದರು. ಅವರೂ ಓದಲಿ ಅಂತ, ನೀನು ಒಪ್ಪಿದ ಮೇಲೆ, ಪತ್ರವನ್ನು ಇಲ್ಲೇ ಹಾಕುತ್ತಿದ್ದೇನೆ.

ಆ ದುಡ್ಡು ಸದ್ಯ ಮುಟ್ಟಬೇಡ. ಈ ಕಸುಬು ಬೇಡ ಅಂತ ಹೇಳುತ್ತಿಲ್ಲ ಕಣೋ. ನೀನು ಬರಲೇಬೇಕು ಅನ್ನೋ ಆಸೆ ನನಗೂ ಇದೆ. ಆದರೆ ಮೈಕು ಎಲ್ಲಿಡಬೇಕು ಅನ್ನೋದು ಮೊದಲು ಕೈಗೆ ಹತ್ತಲಿ. ಅದನ್ನು ಕಲಿಯಲು ಸ್ಟುಡಿಯೊ ಬೇಕಿಲ್ಲ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಬೇಕಾದ ದನಿಗಳೆಲ್ಲ ಪಕ್ಕದ ಮನೆಯ ಜಗುಲಿಯಲ್ಲೇ ಸಿಗುತ್ತವೆ.

ನನಗೆ ಇದು ಗೊತ್ತಾದದ್ದು ಒಂದು ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಬೆಂಗಳೂರು ಬಿಟ್ಟು ಊರಿಗೆ ಬಂದ ಮೊದಲ ಮಳೆಗಾಲ ಅದು. ಬೆಂಗಳೂರಿನಲ್ಲಿ ನಾನು ಹೆಚ್ಚಾಗಿ ಮಾಡಿದ್ದು ಮಿಕ್ಸಿಂಗ್. ಬೇರೆಯವರು ರೆಕಾರ್ಡ್ ಮಾಡಿದ್ದು ನನ್ನ ಕಂಪ್ಯೂಟರಿಗೆ ಬರುತ್ತಿತ್ತು, ನಾನು ಹದ ಮಾಡಿ ಕೊಡುತ್ತಿದ್ದೆ. ಈಗ ತೀರ್ಥಹಳ್ಳಿಯಿಂದ ಒಳಗೆ ಒಂದು ಹಳೇ ಹೆಂಚಿನ ಮನೆ. ಜಗುಲಿಯಲ್ಲಿ ಚಾಪೆ ಹಾಸಿ ಭಾಗವತರು ಕೂತಿದ್ದರು. ಒಂದು ಪಕ್ಕ ಮದ್ದಳೆ, ಇನ್ನೊಂದು ಪಕ್ಕ ಚಂಡೆ. ಎದುರುಬದುರಾಗಿ ಮಾತು ಆಡುವ ಅರ್ಥಧಾರಿಗಳು. ನನ್ನ ಹತ್ತಿರವಿದ್ದ, ಸಣ್ಣ ಸದ್ದನ್ನೂ ಹಿಡಿಯುವ ದುಬಾರಿ ಕಂಡೆನ್ಸರ್ ಮೈಕನ್ನು ಭಾಗವತರ ಬಾಯಿಂದ ಒಂದಡಿ ದೂರಕ್ಕೆ, ನೇರ ಎದುರಿಗೆ ನಿಲ್ಲಿಸಿದೆ. ಹೆಡ್‌ಫೋನಿನಲ್ಲಿ ಎಲ್ಲ ಚೆನ್ನಾಗೇ ಕೇಳಿತು.

ಮನೆಗೆ ಬಂದು ಸ್ಪೀಕರಿನಲ್ಲಿ ಹಾಕಿದಾಗ ಎದೆ ಧಸಕ್ ಅಂತು. ಚಂಡೆಯ ಒಂದೊಂದು ಪೆಟ್ಟೂ ಭಾಗವತರ ಮೈಕಿನೊಳಗೇ ಕೂತಿತ್ತು. ಪದ ಒಂದು ಸಾಲು ಮೇಲೇರಿದರೆ ಚಂಡೆಯೂ ಅದರ ಜೊತೆ ಏರುತ್ತಿತ್ತು. ಚಂಡೆಯ ಮೊನಚು ಕಡಿಮೆ ಮಾಡೋಣ ಅಂತ 2ರಿಂದ 4 ಸಾವಿರ ಹರ್ಟ್ಜ್ (ದನಿ ಎಷ್ಟು ತಗ್ಗು, ಎಷ್ಟು ತಾರಕ ಅನ್ನೋ ಅಳತೆ) ಸುತ್ತಲಿನ ದನಿಯ ಜೋರು ಇಳಿಸಿದೆ. ಮಾತಿನ ಅಕ್ಷರಗಳು ಬಿಡಿಬಿಡಿಯಾಗಿ ಕೇಳುವುದೂ ಹೆಚ್ಚುಕಡಿಮೆ ಅಲ್ಲೇ ಅಲ್ವಾ? ಚಂಡೆಯ ಜೊತೆ ಭಾಗವತರ ಮಾತೂ ಮಂಕಾಯಿತು. ಮೂರು ರಾತ್ರಿ ಕೂತೆ. ಕಡೆಗೆ ಭಾಗವತರಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿ, ಮೆಲ್ಲಗೆ, "ಪದ ಉಂಟು ಮಾರಾಯ, ನನ್ನ ಸ್ವರ ಎಲ್ಲಿ?" ಅಂದರು.

ಎರಡು ವಾರ ಬಿಟ್ಟು ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗ ಇತ್ತು. ಅದೇ ಮೈಕು, ಅದೇ ಜಗುಲಿ. ಈ ಸಲ ಮೊದಲು ಮೈಕು ತೆಗೆಯಲೇ ಇಲ್ಲ. ಅವರು ಶ್ರುತಿ ಮಾಡಿಕೊಳ್ಳುವಾಗ ಒಂದು ಕಿವಿ ಮುಚ್ಚಿಕೊಂಡು ಜಗುಲಿಯ ಸುತ್ತ ಓಡಾಡಿದೆ. ಎಲ್ಲಿ ನಿಂತರೆ ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಕೇಳುತ್ತಾ ಹೋದೆ. ನಾನು ಇಟ್ಟಿದ್ದು ಕಾರ್ಡಿಯಾಯ್ಡ್ ಮೈಕು. ಅದು ಎದುರಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ತೀರಾ ಕಡಿಮೆ. ಹಾಗಾಗಿ ಸ್ಟ್ಯಾಂಡನ್ನು ಚಂಡೆಯ ಕಡೆಯಿಂದ ತಂದೆ. ಮೈಕಿನ ಬೆನ್ನು ಚಂಡೆಗೆ, ಮುಖ ಭಾಗವತರ ಬಾಯಿಗೆ. ದೂರವನ್ನು ಒಂದಡಿಯಿಂದ ಅರ್ಧ ಅಡಿಗೆ ಇಳಿಸಿದೆ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ (ದನಿಯ ಜೋರಿನ ಅಳತೆ) ಏರುತ್ತದೆ, ಚಂಡೆ ಮಾತ್ರ ಇದ್ದಷ್ಟೇ ಇರುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಈ ಜಾತಿಯ ಮೈಕಿನಲ್ಲಿ ಸ್ವರದ ತಳ ಉಬ್ಬಿಕೊಳ್ಳುತ್ತದೆ, ಗಂಟಲು ಕಟ್ಟಿದ ಹಾಗೆ ಕೇಳುತ್ತದೆ. ಚಂಡೆಯವರಿಗೆ ಒಂದು ಎರಡಡಿ ಆಚೆ ಕೂರಲು ಕೇಳಿಕೊಂಡೆ. ಮೈಕು ಈಗ ನೋಡುತ್ತಿದ್ದದ್ದು ಭಾಗವತರ ಆಚೆಗಿನ ಗೋಡೆಯನ್ನು. ಅಲ್ಲಿ ಬಡಿದ ದನಿ ವಾಪಸ್ ಬರದಿರಲಿ ಅಂತ ಆ ಮನೆಯ ಅಜ್ಜಿಯನ್ನು ಕೇಳಿ ಎರಡು ಕಂಬಳಿ ತೂಗುಹಾಕಿದೆ.

ಅವತ್ತಿನ ಮಿಕ್ಸಿಂಗ್ ಒಂದು ಸಂಜೆಯಲ್ಲಿ ಮುಗಿಯಿತು. ಹೊಸದಾಗಿ ಒಂದು ರೂಪಾಯಿ ಖರ್ಚಾಗಿರಲಿಲ್ಲ. ಇದನ್ನೇ ನೀನು ಮೊದಲು ಕಲಿಯಬೇಕು ಅಂತ ನನ್ನ ಆಸೆ. ಮೈಕಿಗೆ ಬರದೇ ಇದ್ದದ್ದನ್ನು ಮಿಕ್ಸಿಂಗಿನಲ್ಲಿ ತರಲು ಆಗುವುದಿಲ್ಲ. ಮೈಕಿನಲ್ಲಿ ಕಲಸಿಹೋದದ್ದನ್ನು ಪೂರ್ತಿ ಬೇರೆ ಮಾಡಲೂ ಆಗುವುದಿಲ್ಲ. ಈಗ ಕಂಪ್ಯೂಟರ್ ಅದನ್ನೂ ಮಾಡುತ್ತದೆ ಅಂತ ನೀನು ಹೇಳಬಹುದು. ನಾನೂ ಬಳಸಿ ನೋಡಿದ್ದೇನೆ. ಹಾಡು ಬೇರೆಯಾಗಿ ಬರುತ್ತದೆ ನಿಜ, ಆದರೆ ಸ್ವರದ ಅಂಚು ಸವೆದಿರುತ್ತದೆ.

ಇನ್ನು ನಿನ್ನ ಉಪ್ಪರಿಗೆ. ಉದ್ದ ಹತ್ತಡಿ, ಅಗಲ ಹತ್ತಡಿ ಅಂದೆ. ಚೌಕದ ಕೋಣೆ ನಮ್ಮ ಕೆಲಸಕ್ಕೆ ಒಳ್ಳೆಯದಲ್ಲ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜಿನ ತಳದ ದನಿ ಸಿಕ್ಕಿಕೊಂಡು ಮೊಳಗುತ್ತದೆ. ಉದ್ದ, ಅಗಲ ಎರಡೂ ಒಂದೇ ಇದ್ದರೆ ಎರಡೂ ಕಡೆಯಿಂದ ಅದೇ ದನಿ ಗುಂಯ್‌ಗುಡುತ್ತದೆ. ಕೋಣೆಯ ಮೂಲೆಯಲ್ಲಿ ನಿಂತರೆ ಡೊಳ್ಳು ಎರಡು ಪಟ್ಟು, ನಡುವೆ ಕೂತರೆ ಡೊಳ್ಳೇ ಇಲ್ಲ. ಅಲ್ಲಿ ಎಷ್ಟು ಲಕ್ಷದ ಸ್ಪೀಕರ್ ಇಟ್ಟರೂ ನಿನಗೆ ನಿಜ ಕೇಳುವುದಿಲ್ಲ. ಮೊಟ್ಟೆ ಟ್ರೇ ಅಂಟಿಸುವುದರಿಂದ ಏನೂ ಆಗದು. ತೆಳು ಫೋಮ್ ಮೇಲಿನ ದನಿಯನ್ನಷ್ಟೇ ನುಂಗುತ್ತದೆ, ತಳದ ಗುಂಗು ಹಾಗೇ ಉಳಿಯುತ್ತದೆ. ಅದಕ್ಕೆ ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಬೇಕು, ನಾಲ್ಕು ಇಂಚಿಗಿಂತ ಕಡಿಮೆ ಬೇಡ. ಸದ್ಯಕ್ಕೆ ಅಟ್ಟದ ಮೇಲಿರುವ ಹಳೇ ಹತ್ತಿ ಹಾಸಿಗೆಗಳನ್ನು ಮೂಲೆಗೆ ನಿಲ್ಲಿಸಿ ನೋಡು. ವ್ಯತ್ಯಾಸ ನಿನಗೇ ತಿಳಿಯುತ್ತದೆ.

ಮತ್ತೆ ಮಳೆ. ಆಗುಂಬೆ ಪಕ್ಕದಲ್ಲಿರುವ ನಿನಗೆ ನಾನು ಹೇಳಬೇಕಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಕೆಳಗೆ ಯಾರ ಸ್ವರವನ್ನು ಹಿಡಿಯುತ್ತೀಯ? ಮಳೆ ನಿಂತರೆ ಜೀರುಂಡೆ. ಉಪ್ಪರಿಗೆ ಬಿಟ್ಟು ಕೆಳಗೆ, ಮಣ್ಣಿನ ಗೋಡೆಯ ನಡುಮನೆ ನೋಡು. ತಲೆ ಮೇಲೆ ಇನ್ನೊಂದು ಅಂತಸ್ತು ಇದ್ದರೆ ಮಳೆ ಸದ್ದು ಎಷ್ಟೋ ತಗ್ಗುತ್ತದೆ. ತೇವವೂ ದೊಡ್ಡ ಶತ್ರು. ಕಂಡೆನ್ಸರ್ ಮೈಕಿನೊಳಗಿನ ತೆಳುಪೊರೆ ತೇವ ಹಿಡಿದರೆ ಚಟಪಟ ಅನ್ನಲು ಶುರುಮಾಡುತ್ತದೆ, ಆಮೇಲೆ ಬೂಷ್ಟು. ಕೆಲಸ ಮುಗಿದ ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡು. ನಮ್ಮ ಮನೆಯಲ್ಲಿ ಹಪ್ಪಳದ ಡಬ್ಬಿಯ ಪಕ್ಕದಲ್ಲೇ ಮೈಕಿನ ಡಬ್ಬಿ ಇದೆ.

ಕೊಳ್ಳಲೇಬೇಕು ಅಂದರೆ ಸ್ವಲ್ಪ ಸಾಕು. ಶೂರ್ ಎಸ್‌ಎಂ 57 ಒಂದು. 1965ರಿಂದ ಬರುತ್ತಿರುವ ಮೈಕು, ಚಂಡೆಯ ಪೆಟ್ಟನ್ನೂ ತಡೆದುಕೊಳ್ಳುತ್ತದೆ, ಹಾರ್ಮೋನಿಯಂಗೂ ಆಗುತ್ತದೆ, ತೇವಕ್ಕೂ ಅಷ್ಟು ಹೆದರುವುದಿಲ್ಲ. ಸಾಧಾರಣ ಬೆಲೆಯ ಕಂಡೆನ್ಸರ್ ಒಂದು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ಕರೆಂಟ್) ಕೊಡುವ, ಎರಡು ಮೈಕು ಹಿಡಿಸುವ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಗಟ್ಟಿ ಸ್ಟ್ಯಾಂಡು. ಕರೆಂಟ್ ಹೋದಾಗ ಫೈಲ್ ಉಳಿಸಿಕೊಳ್ಳುವಷ್ಟು ಯುಪಿಎಸ್. ಸಾಫ್ಟ್‌ವೇರ್‌ಗೆ ರೀಪರ್ ಸಾಕು, 60 ದಿನ ಹಾಗೇ ಬಳಸಿ ನೋಡಿ ಆಮೇಲೆ ದುಡ್ಡು ಕೊಡಬಹುದು. ರೆಕಾರ್ಡ್ ಮಾಡುವಾಗ 24 ಬಿಟ್ ಇಡು, ಮೀಟರನ್ನು ತುದಿ ಮುಟ್ಟಿಸಬೇಡ. ಜೋರಾದ ಪೆಟ್ಟೂ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಡೊಳ್ಳಿನವರು ಲೆವೆಲ್ ನೋಡುವಾಗ ಬಾರಿಸುವುದೇ ಬೇರೆ, ಕುಣಿತಕ್ಕೆ ಇಳಿದ ಮೇಲೆ ಬಾರಿಸುವುದೇ ಬೇರೆ.

ಬೆಂಗಳೂರಿಗೆ ಹೋಗಬೇಕಾ ಅಂತಲೂ ಕೇಳಿದ್ದೀಯ. ಹೋಗು, ಒಂದೆರಡು ವರ್ಷ ಯಾವುದಾದರೂ ಸ್ಟುಡಿಯೊದಲ್ಲಿ ಅಸಿಸ್ಟೆಂಟ್ ಆಗಿರು. ಓದಿಯೇ ಬರಬೇಕು ಅಂದರೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಸಂಸ್ಥೆ ಇದೆ, ಪುಣೆಯಲ್ಲಿ ಸಿನಿಮಾ ಕಲಿಸುವ ಎಫ್‌ಟಿಐಐ ಇದೆ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡುಗಳನ್ನು ರೆಕಾರ್ಡ್ ಮಾಡಲು ಹೆಚ್ಚಾಗಿ ಮದ್ರಾಸಿಗೇ ಹೋಗಬೇಕಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು ಆ ಓಡಾಟ ತಪ್ಪಲಿ ಅಂತಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಈಗ ಹಾಡುವವರ ಹತ್ತಿರಕ್ಕೆ ನಾವೇ ಹೋಗಬಹುದು.

ಸ್ಟುಡಿಯೊದಲ್ಲಿ ಗುಂಡಿಗಳನ್ನು ನೋಡುವುದಕ್ಕಿಂತ ಎಂಜಿನಿಯರ್ ಮನುಷ್ಯರ ಜೊತೆ ಹೇಗಿರುತ್ತಾರೆ ಅಂತ ನೋಡು. ನನ್ನ ಮೊದಲ ವರ್ಷ ಒಬ್ಬ ಹುಡುಗಿ ಭಾವಗೀತೆ ಹಾಡಲು ಬಂದಿದ್ದಳು. ಕೆಂಪು ದೀಪ ಹತ್ತಿದ ಕೂಡಲೇ ಗಂಟಲು ನಡುಗುತ್ತಿತ್ತು. ನಾಲ್ಕು ಟೇಕ್ ಆಯಿತು, ಕಣ್ಣಲ್ಲಿ ನೀರು. ನಮ್ಮ ಎಂಜಿನಿಯರ್ ದೀಪ ಆರಿಸಿ, ಬಿಸಿನೀರು ತರಿಸಿ, ಊರು ಯಾವುದು ಅಂತ ಕೇಳಿ, "ಈಗ ಸುಮ್ನೆ ಒಂದ್ಸಲ ಹಾಡಮ್ಮ, ಲೆವೆಲ್ ನೋಡ್ಬೇಕು" ಅಂದರು. ರೆಕಾರ್ಡಿಂಗ್ ಓಡುತ್ತಲೇ ಇತ್ತು. ಹಾಡು ಮುಗಿದ ಮೇಲೆ ಅವಳಿಗೆ ಹೇಳಿ, ಕೇಳಿಸಿ, ಅದೇ ಟೇಕ್ ಇಟ್ಟುಕೊಂಡೆವು. ಅವಳು ಆಮೇಲೆ ಬೇರೆ ಕಡೆ ಹಾಡಲೇ ಇಲ್ಲ, ಪ್ರತಿ ಸಲ ಅವರ ಹತ್ತಿರವೇ ಬಂದಳು. ಈ ಕಸುಬಿನಲ್ಲಿ ಕೆಲಸ ಹೀಗೇ ಬೆಳೆಯುವುದು ಗೆಳೆಯಾ. ಜಾಹೀರಾತಿನಿಂದ ಬಂದ ಗಿರಾಕಿ ನನಗೆ ನೆನಪೇ ಇಲ್ಲ.

ಒಂದು ಸಂಕಟದ ವಿಷಯವನ್ನೂ ಹೇಳಿಬಿಡುತ್ತೇನೆ. ಊರಿಗೆ ಬಂದ ಎರಡನೇ ವರ್ಷ ಒಂದು ಭಜನೆ ಮಂಡಳಿಯ ಒಂಬತ್ತು ಹಾಡು ರೆಕಾರ್ಡ್ ಮಾಡಿ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೆ. ಡಿಸ್ಕ್ ಹೋಯಿತು. ಹಾಡಿದವರಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಮಗನ ಮುಂದೆ ನಿಂತು ಅದನ್ನು ಹೇಳಿದ ದಿನ ಇವತ್ತಿಗೂ ಮರೆಯಲು ಆಗಿಲ್ಲ. ಈಗ ಮೂರು ಪ್ರತಿ ಮಾಡುತ್ತೇನೆ, ಒಂದು ನನ್ನ ಮನೆಯಿಂದ ಹೊರಗೆ ಇರುತ್ತದೆ. ಪ್ರತಿ ಮಾಡುವುದು ಮನೆ ಮುಟ್ಟಿದ ಮೇಲೆ, ಊಟಕ್ಕೆ ಮೊದಲೇ.

ಕಿವಿಯನ್ನೂ ಹಾಗೇ ಕಾಯ್ದುಕೋ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಅಲ್ಲಿಂದ 3 ಡೆಸಿಬಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧ ಅರ್ಧ ಆಗುತ್ತದೆ ಅಂತ ಲೆಕ್ಕ. ಚಂಡೆಯ ಪಕ್ಕ ಇಡೀ ರಾತ್ರಿ ಕೂರುವವರು ನಾವು. ಇಯರ್‌ಪ್ಲಗ್ ಜೇಬಿನಲ್ಲಿರಲಿ.

ಊರಲ್ಲಿ ಕೆಲಸ ಸಿಗುತ್ತದಾ ಅಂತ ನಿನಗೆ ಅನುಮಾನ. ನಾವಿಬ್ಬರೂ ಭದ್ರಾವತಿ ಆಕಾಶವಾಣಿ ಕೇಳಿಕೊಂಡು ಬೆಳೆದವರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ ನಮ್ಮವರೇ. ಸುಗಮ ಸಂಗೀತ ಹಾಡುವವರು, ಯಕ್ಷಗಾನದವರು, ಡೊಳ್ಳಿನ ತಂಡಗಳು, ಹೆಗ್ಗೋಡಿನ ನೀನಾಸಂನಿಂದ ಕಲಿತು ಬಂದ ನಾಟಕದವರು, ಇಷ್ಟು ಜನ ಇರುವ ಜಿಲ್ಲೆಯಲ್ಲಿ ಚೆನ್ನಾಗಿ ರೆಕಾರ್ಡ್ ಮಾಡುವವರು ಬೆರಳೆಣಿಕೆಯಷ್ಟು. ಮಿಕ್ಸಿಂಗ್ ಕೆಲಸವಂತೂ ಎಲ್ಲಿಂದ ಬೇಕಾದರೂ ಬರುತ್ತದೆ, ಇಂಟರ್ನೆಟ್ ಗಟ್ಟಿಯಾಗಿದ್ದರೆ ಸಾಕು. ಮೊದಮೊದಲು ದುಡ್ಡು ಕಡಿಮೆಯೇ. ತೋಟ ಇದೆಯಲ್ಲ, ಅದನ್ನು ಬಿಡಬೇಡ. ಕೆಲಸಕ್ಕೆ ಮೊದಲು ಅರ್ಧ ದುಡ್ಡು ಕೇಳು, ಎಷ್ಟು ಸಲ ತಿದ್ದಿಕೊಡುತ್ತೀಯ ಅಂತ ಮುಂಚೆಯೇ ಹೇಳು. ನೆಂಟರಿಗೂ ಹೇಳು.

ಬರುವ ಶನಿವಾರ ಅದೇ ಹೆಂಚಿನ ಮನೆಯಲ್ಲಿ ತಾಳಮದ್ದಳೆ ಇದೆ. ಭಾಗವತರಿಗೆ ನೀನೂ ಬರುತ್ತೀಯ ಅಂತ ಹೇಳಿದ್ದೇನೆ. ಮೈಕು, ವೈರು ನಾನು ತರುತ್ತೇನೆ. ನೀನು ಆರು ಗಂಟೆಯೊಳಗೆ ಬಾ, ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಜಗುಲಿಯಲ್ಲಿರಬೇಕು. ಈ ಸಲ ಸ್ಟ್ಯಾಂಡು ಎಲ್ಲಿ ನಿಲ್ಲಬೇಕು ಅಂತ ನೀನೇ ಹೇಳು. ಎರಡು ಕಂಬಳಿ ತಾ, ಅಜ್ಜಿಯದನ್ನು ಮತ್ತೆ ಕೇಳಲು ನನಗೆ ಸಂಕೋಚ.

ನಿನ್ನ ಗೆಳೆಯ