ಅಜ್ಜಿಯ ಅಜ್ಜಿಮನೆ

ಸಾಗರ,
2026ರ ಯುಗಾದಿಯ ಹಿಂದಿನ ದಿನ

ಪ್ರೀತಿಯ ತಂಗಿ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಕೂಡಲೇ ಉತ್ತರ ಬರೆಯಲು ಆಗಲಿಲ್ಲ, ಅದರಲ್ಲಿದ್ದ ಒಂದು ಮಾತು ಮನಸ್ಸಿನಲ್ಲೇ ಕೂತುಬಿಟ್ಟಿತು. ‘ಮುಂದಿನ ಯುಗಾದಿಯೊಳಗೆ ಏಳು ತಲೆಮಾರಿನ ವಂಶವೃಕ್ಷ ಬರೆದು ಮುಗಿಸಬೇಕು ಅಂತಿದ್ದೇನೆ. ಆದರೆ ನಮ್ಮದು ಗೇಣಿ ಮಾಡಿದ ಮನೆ, ಮೇಲಿಂದ ಮುಳುಗಡೆಯಾದ ಮನೆ. ಒಂದು ಹಾಳೆ ಕಾಗದವೂ ಉಳಿದಿಲ್ಲ’ ಎಂದು ಬರೆದಿದ್ದೀಯ.

ಏಳು ತಲೆಮಾರು ಸದ್ಯ ಬಿಡು. ಈ ವರ್ಷಕ್ಕೆ ಒಬ್ಬಳೇ ಸಾಕು, ನಿನ್ನ ಅಜ್ಜಿಯ ತಾಯಿ. ಅವಳ ಹೆಸರೇನು, ತವರು ಎಲ್ಲಿ, ಯಾವ ದಾರಿಯಲ್ಲಿ ಗಂಡನ ಮನೆಗೆ ನಡೆದು ಬಂದಳು, ಇಷ್ಟನ್ನು ಹುಡುಕು.

ನಿನ್ನ ವಯಸ್ಸಿನಲ್ಲಿ ನಾನೂ ಇಂಥದ್ದೇ ಸಂಕಲ್ಪ ಮಾಡಿದ್ದೆ. ನಿಮ್ಮ ಮನೆಯ ಹಾಗಲ್ಲ, ನಮ್ಮದು ಕಾಗದ ಇದ್ದ ಮನೆ. ಅಟ್ಟದ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿ, ಕ್ರಯಪತ್ರ, ಅಡಿಕೆ ಮಂಡಿಯ ಲೆಕ್ಕ, ಜಾತಕ ಎಲ್ಲ ಇದ್ದವು. ಒಂದು ಬೇಸಿಗೆ ಪೂರ್ತಿ ಕೂತು ಆರು ತಲೆಮಾರು ಬರೆದೆ. ಬರೆದು ನೋಡಿದರೆ ಹಾಳೆಯ ತುಂಬ ಗಂಡಸರೇ. ಇವನು ಬಿನ್ ಅವನು, ಅವನು ಬಿನ್ ಇನ್ನೊಬ್ಬ. ಹೆಂಗಸರು ಬಂದದ್ದು ಎರಡೇ ಕಡೆ, ಅದೂ ‘ಕೋಂ’ ಎಂದು ಗಂಡನ ಹೆಸರಿಗೆ ಅಂಟಿಕೊಂಡು, ಎಡಗೈ ಹೆಬ್ಬೆಟ್ಟಿನ ಗುರುತಿನ ಪಕ್ಕ. ಅಜ್ಜಿಗೆ ಮದುವೆಯಲ್ಲಿ ಹೆಸರು ಬದಲಿಸಿದ್ದರು. ಹುಟ್ಟಿದಾಗ ಇಟ್ಟ ಹೆಸರು ಗೊತ್ತಿದ್ದವಳು ನನ್ನ ಸೋದರತ್ತೆ ಒಬ್ಬಳೇ. ಮಳೆ ಮುಗಿಯಲಿ, ಹೋಗಿ ಕೇಳಿದರಾಯಿತು ಅಂದುಕೊಂಡು ಪೆಟ್ಟಿಗೆಯ ಮುಂದೆಯೇ ಕೂತಿದ್ದೆ. ಆಷಾಢದಲ್ಲಿ ಅತ್ತೆ ತೀರಿಕೊಂಡಳು. ಆ ಹೆಸರು ಇವತ್ತಿನವರೆಗೂ ನನಗೆ ಸಿಕ್ಕಿಲ್ಲ. ಬರೆಯಲು ಕೂತಾಗೆಲ್ಲ ನೆನಪಾಗುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಕಚೇರಿಗೆ ಆಮೇಲೆ ಹೋಗು. ಮೊದಲು ನಿನ್ನ ಅಜ್ಜಿಯ ಹತ್ತಿರ ಕೂತುಕೋ.

ಕೇಳುವುದಕ್ಕೂ ಒಂದು ಕ್ರಮ ಇದೆ. ‘ನಿನ್ನ ಅಮ್ಮನ ತವರು ಯಾವುದು, ಯಾವ ಇಸವಿಯಲ್ಲಿ ಹುಟ್ಟಿದ್ದು’ ಎಂದು ಜನಗಣತಿಗೆ ಬಂದವರ ಹಾಗೆ ಕೇಳಿದರೆ ಅಜ್ಜಿ ‘ನಂಗೇನು ನೆನಪಿರುತ್ತೆ ಮಗಾ’ ಅಂದು ಎದ್ದು ಹೋಗುತ್ತಾಳೆ. ‘ಸಣ್ಣವಳಿದ್ದಾಗ ಅಜ್ಜಿಮನೆಗೆ ಹೋಗುವಾಗ ಎಷ್ಟು ಸಂಕ ದಾಟುತ್ತಿದ್ದೆ? ದೋಣಿ ಹತ್ತಬೇಕಿತ್ತಾ? ಬುತ್ತಿ ಬಿಚ್ಚುತ್ತಿದ್ದದ್ದು ಎಲ್ಲಿ?’ ಎಂದು ಕೇಳು. ದಾರಿ ನೆನಪಾದರೆ ಊರು ತಾನಾಗಿ ಬರುತ್ತದೆ. ಚೊಚ್ಚಲ ಬಾಣಂತನ ಎಲ್ಲಾಯಿತು, ಬಾಣಂತಿಗೆ ನೀರು ಹಾಕಿದವರು ಯಾರು ಎಂದು ಕೇಳು. ಚೊಚ್ಚಲು ತವರಿನಲ್ಲೇ ಆಗುತ್ತಿದ್ದ ಕಾಲ ಅದು, ಆ ಒಂದು ಪ್ರಶ್ನೆಗೆ ಅತ್ತಿಗೆ, ಚಿಕ್ಕಮ್ಮ, ಸೂಲಗಿತ್ತಿ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇಸವಿಯನ್ನು ಇಸವಿಯಾಗಿ ಕೇಳಬೇಡ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರು ಬಂದಾಗ ಮದುವೆಯಾಗಿತ್ತಾ, ಮಡಿಲಲ್ಲಿ ಕೂಸಿತ್ತಾ ಎಂದು ಕೇಳು. ಇನ್ನೂ ಹಿಂದಕ್ಕೆ ಹೋಗಬೇಕಾದರೆ 1951ರ ಕಾಗೋಡು ಸತ್ಯಾಗ್ರಹ ಇದೆ. ಗೇಣಿ ಅಳೆಯುವ ಕೊಳಗದ ಜಗಳದಿಂದ ಹುಟ್ಟಿದ ಹೋರಾಟ, ಗೇಣಿ ಮಾಡಿದ ಮನೆಯಲ್ಲಿ ಅದರ ನೆನಪು ಇಲ್ಲದಿರಲಿಕ್ಕಿಲ್ಲ. ಶಾಲೆಯ ದಾಖಲಾತಿ ಪುಸ್ತಕದ ಹುಟ್ಟಿದ ದಿನಾಂಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡ. ಮಗುವಿನ ಎತ್ತರ ನೋಡಿ ಮೇಷ್ಟ್ರು ಬರೆದುಕೊಂಡ ತಾರೀಕುಗಳು ಅದರಲ್ಲಿ ಬೇಕಾದಷ್ಟಿವೆ.

ಮನೆದೇವರು ಯಾವುದು ಎಂದೂ ಕೇಳು. ಮನೆ ಎಷ್ಟು ಸಲ ಬದಲಾದರೂ ಹರಕೆ ಹೋಗುವ ಜಾಗ ಅಷ್ಟು ಬೇಗ ಬದಲಾಗುವುದಿಲ್ಲ. ದೇವರು ಘಟ್ಟದ ಕೆಳಗಿದ್ದರೆ ಹಿಂದಿನವರು ಯಾವುದೋ ಕಾಲದಲ್ಲಿ ಘಟ್ಟ ಹತ್ತಿ ಬಂದವರಿರಬಹುದು. ಅಜ್ಜಿಯ ತವರಿನ ದೇವರನ್ನು ಬೇರೆಯಾಗಿ ಬರೆದುಕೋ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ವರ್ಷದ ಗುರಿಯನ್ನು ನಮ್ಮ ಮಲೆನಾಡಿನ ವರ್ಷಕ್ಕೆ ಹೊಂದಿಸಿಕೋ. ಮಳೆ ಹಿಡಿಯುವ ಮೊದಲು ಅಜ್ಜಿಯನ್ನು ಕರೆದುಕೊಂಡು ಹಿನ್ನೀರಿನ ದಡಕ್ಕೆ ಒಮ್ಮೆ ಹೋಗಿ ಬಾ. ನೀರು ತುಂಬ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆದ್ದು ಕಾಣುತ್ತದೆ. ನಿಮ್ಮ ಮನೆಯ ಜಾಗ ಕಾಣದಿದ್ದರೂ ಚಿಂತೆಯಿಲ್ಲ, ಯಾವ ಗುಡ್ಡದ ಬುಡದಲ್ಲಿತ್ತು ಎಂದು ಅಜ್ಜಿ ಕೈ ತೋರಿಸಿದರೆ ಸಾಕು. ನೆಂಟರ ಮನೆಗಳಲ್ಲಿ ಹಳೆಯ ಫೋಟೊ, ಲಗ್ನಪತ್ರಿಕೆ ಇದ್ದರೆ ಅವನ್ನೂ ಮಳೆಗೆ ಮೊದಲೇ ಫೋನಿನಲ್ಲಿ ತೆಗೆದಿಟ್ಟುಕೋ. ನಮ್ಮ ಕಡೆಯ ಒಂದು ಮಳೆಗಾಲದ ಬೂಷ್ಟು ಸಾಕು ಒಂದು ಮುಖ ಅಳಿಸುವುದಕ್ಕೆ. ಆಮೇಲೆ ಮಳೆಗಾಲವಿಡೀ ಕೇಳುವ ಕಾಲ. ಕಾರ್ತಿಕದ ಹೊತ್ತಿಗೆ ಅಡಿಕೆ ಕೊಯ್ಲು ಬರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಸಾಲಿನಲ್ಲಿ ನೀನೂ ಒಂದೆರಡು ರಾತ್ರಿ ಕೂತುಕೋ. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಬರುವ ಮಾತು ಪ್ರಶ್ನೆ ಕೇಳಿದರೆ ಬರುವುದಿಲ್ಲ.

ಇನ್ನು ನಿಮ್ಮಲ್ಲಿ ಕಾಗದ ಇಲ್ಲ ಎನ್ನುವ ಮಾತು. ಮುಳುಗಿ ಬಂದ ಮೇಲೂ ನಿನ್ನ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದರು ಎಂದು ಬರೆದಿದ್ದೀಯಲ್ಲ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರರು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಫಾರಂ 7 ಹಾಕಿದರು. ಭೂ ನ್ಯಾಯಮಂಡಳಿಯ ಆ ಕಡತಗಳಲ್ಲಿ ಸರ್ವೆ ನಂಬರು ಮಾತ್ರ ಇರುವುದಲ್ಲ, ಗೇಣಿದಾರನ ಹೇಳಿಕೆ, ಪಕ್ಕದ ಗದ್ದೆಯವರ ಸಾಕ್ಷಿ ಇರುತ್ತದೆ. ಎಂದಿನಿಂದ ಉಳುತ್ತಿದ್ದೇನೆ ಎಂದು ನಿನ್ನ ಅಜ್ಜ ತಮ್ಮ ಬಾಯಿಂದ ಹೇಳಿದ್ದು ತಾಲ್ಲೂಕು ಕಚೇರಿಯ ಯಾವುದೋ ಗಂಟಿನಲ್ಲಿ ಇರಬಹುದು. ಪಹಣಿಯ ಸರ್ವೆ ನಂಬರು ಹಿಡಿದು ನಕಲಿಗೆ ಅರ್ಜಿ ಹಾಕು. ಇಡೀ ವರ್ಷಕ್ಕೆ ಕಚೇರಿಯ ಕೆಲಸ ಇದೊಂದೇ ಇಟ್ಟುಕೋ, ಓಡಾಡಿ ಸುಸ್ತಾಗುವವರು ಎಲ್ಲವನ್ನೂ ಒಟ್ಟಿಗೆ ಹಿಡಿದವರು.

ಹಳೆಯ ಕಾಗದ ಏನಾದರೂ ಸಿಕ್ಕರೆ ಒಂದು ಎಚ್ಚರ. ನಾಳೆಯಿಂದ ಪರಾಭವ ಸಂವತ್ಸರ. ಇದೇ ಹೆಸರು 1966ರಲ್ಲೂ ಬಂದಿತ್ತು, 1906ರಲ್ಲೂ ಬಂದಿತ್ತು. ‘ಪರಾಭವ ಸಂ. ಚೈತ್ರ’ ಎಂದಷ್ಟೇ ಬರೆದ ಒಂದು ಕಾರ್ಡು ನಮ್ಮ ಪೆಟ್ಟಿಗೆಯಲ್ಲಿತ್ತು. ನಾನು ಅದನ್ನು ಅಜ್ಜ ಬರೆದದ್ದೆಂದು ತಿಳಿದಿದ್ದೆ. ಕಾರ್ಡಿನ ಮೇಲಿನ ರಾಜನ ಮುಖ ನೋಡಿದ ಮೇಲೆ ಗೊತ್ತಾಯಿತು, ಬರೆದವನು ಮುತ್ತಜ್ಜ. ಅರವತ್ತು ವರ್ಷದ ತಪ್ಪು.

ಮತ್ತೊಂದು ಮಾತು, ಇದನ್ನು ಹಗುರಾಗಿ ತಗೋಬೇಡ. ಕೇಳುತ್ತಾ ಹೋದ ಹಾಗೆ ಮನೆ ಬಿಟ್ಟು ಹೋದವರು, ಬಾವಿಗೆ ಬಿದ್ದವರು, ಆಸ್ತಿಯ ಪಾಲು ಕೇಳಿ ದೂರವಾದವರು ಬರುತ್ತಾರೆ. ಅಜ್ಜಿ ಹೇಳಿದಳು ಎಂದು ಎಲ್ಲವನ್ನೂ ಕತೆ ಮಾಡಬೇಡ. ಬರೆದದ್ದನ್ನು ಅವಳಿಗೇ ಓದಿ ಹೇಳು. ಬೇಡ ಅಂದರೆ ಆ ಪುಟವನ್ನು ಮಡಿಸಿಡು. ಬರಹಗಾರ್ತಿಯಾಗಿ ನಿನಗೆ ಇದು ಕಷ್ಟವಾಗುತ್ತದೆ, ನನಗೂ ಆಗಿದೆ. ಆದರೂ ಮಡಿಸಿಡು.

ಈ ಕಾಗದದ ಜೊತೆ ಒಂದು ಸಣ್ಣ ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ, ಹೋದ ವರ್ಷ ಹಾಕಿದ್ದು. ಅದು ಅಜ್ಜಿಗೆ. ಬಾಳೆಲೆಯ ತುದಿಗೆ ಒಂದು ಮಿಡಿ ಬಡಿಸಿ, ಅವಳು ಕಚ್ಚಿ ರುಚಿ ನೋಡುವವರೆಗೆ ಸುಮ್ಮನಿರು. ಆಮೇಲೆ ಕೇಳು, ಅವಳ ಅಜ್ಜಿಮನೆಯಲ್ಲಿ ಮಿಡಿ ಕೊಯ್ಯುತ್ತಿದ್ದದ್ದು ಯಾವ ಹೊಳೆಯ ದಂಡೆಯ ಮರದಿಂದ, ಆ ಮರಕ್ಕೆ ಏನೆಂದು ಕರೆಯುತ್ತಿದ್ದರು ಎಂದು.

ಪ್ರೀತಿಯಿಂದ,
ನಿನ್ನ ಅಕ್ಕ