ತಿಳಿಬಳೆಯನ್ನು ಒಡನೆ ನಂಬಬೇಡ

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಾಲೊಡಕಿನ ಯೀಸ್ಟ್‌ಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಹುಡುಕಲು ಹೊರಟಿರುವೆಯೆಂದು ಓದಿ ಮನಸ್ಸು ತುಂಬಿ ಬಂತು. ಒಂದು ಕಿಲೋ ಚೀಸ್ ಮಾಡಿದರೆ ಸುಮಾರು 9 ಲೀಟರ್ ಹಾಲೊಡಕು ಉಳಿಯುತ್ತದೆ. ಹಾಗೆಯೇ ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ. ಅದರಿಂದ ಉಪಯೋಗದ ವಸ್ತು ತೆಗೆಯುವುದು ಪುಣ್ಯದ ಕೆಲಸವೇ ಸರಿ.

ಬೇಗ ಬೆಳೆದ ಯೀಸ್ಟನ್ನೇ ಆರಿಸಿಕೊಳ್ಳಬೇಡ. ಕ್ಲೂಯ್‌ವೆರೊಮೈಸಿಸ್ ಮಾರ್ಕ್ಸಿಯಾನಸ್ ಎಂಬ ಯೀಸ್ಟ್ ಹಾಲಿನ ಸಕ್ಕರೆಯನ್ನು ಉಂಡು ಹುಲುಸಾಗಿ ಬೆಳೆಯುತ್ತದೆ. ಯಾರೋವಿಯಾ ಲಿಪೊಲಿಟಿಕಾ ಎಂಬ ಇನ್ನೊಂದಕ್ಕೆ ಆ ಸಕ್ಕರೆ ಒಗ್ಗದು. ಆದರೆ ಪ್ರೋಟೀನ್ ಒಡೆಯುವ ಕಿಣ್ವವಾದ ಪ್ರೋಟಿಯೇಸನ್ನು ಜೀವಕೋಶದಿಂದ ಹೊರಗೆ ಸುರಿಯುವುದರಲ್ಲಿ ಅದು ಹೆಸರುವಾಸಿ.

ನಾನು ಎಡವಿದ ಜಾಗವನ್ನು ನಿನಗೆ ಹೇಳಲೇಬೇಕು. ಕೆನೆ ತೆಗೆದ ಹಾಲು ಬೆರೆಸಿದ ಅಗರ್ ಎಂಬ ಲೋಳೆಯ ತಟ್ಟೆಯಲ್ಲಿ ಯೀಸ್ಟಿನ ಒಂದು ಕಾಲೊನಿಯ (ಗುಂಪಿನ) ಸುತ್ತ ಗಾಜಿನಂಥ ತಿಳಿಬಳೆ ಮೂಡಿತ್ತು. ಕಿಣ್ವ ಸಿಕ್ಕೇಬಿಟ್ಟಿತೆಂದು ಹಿಗ್ಗಿ ಮೂರು ತಿಂಗಳು ಅದರ ಬೆನ್ನು ಹತ್ತಿದೆ. ಕೊನೆಗೆ ಅಳೆದು ನೋಡಿದರೆ ಏನೂ ಇರಲಿಲ್ಲ. ಯೀಸ್ಟ್ ಬಿಟ್ಟ ಹುಳಿಯೇ ಹಾಲಿನ ಬಿಳುಪನ್ನು ಕರಗಿಸಿತ್ತು. ಅಂದು ರಾತ್ರಿ ಅತ್ತಿದ್ದೆ.

ಆದ್ದರಿಂದ ತಟ್ಟೆಯ ಮೇಲೆ ದುರ್ಬಲ ಅಸಿಟಿಕ್ ಆಮ್ಲ ಸುರಿದು ಕೆಲವು ನಿಮಿಷ ಬಿಡು. ಒಡೆಯದೆ ಉಳಿದ ಹಾಲಿನ ಪ್ರೋಟೀನ್ ಕೇಸೀನ್ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ. ನಿಜವಾಗಿ ಜೀರ್ಣವಾದ ಬಳೆ ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಆಮೇಲೆ ಯೀಸ್ಟ್ ಬೆಳೆಸಿದ ದ್ರವವನ್ನು, ಬಣ್ಣ ಕೂಡಿಸಿದ ಕೇಸೀನ್ ಆದ ಅಜೋಕೇಸೀನ್ ಜೊತೆ ಕಾವಿನಲ್ಲಿಟ್ಟು, ಟ್ರೈಕ್ಲೋರೊಅಸಿಟಿಕ್ ಆಮ್ಲದಿಂದ ಕ್ರಿಯೆ ನಿಲ್ಲಿಸಿ, ಮೇಲಿನ ತಿಳಿಯ ಹಳದಿ ಬಣ್ಣವನ್ನು 440 ನ್ಯಾನೊಮೀಟರ್ ಅಲೆಯುದ್ದದ ಬೆಳಕಿನಲ್ಲಿ ಅಳೆ. ಪಕ್ಕದಲ್ಲಿ ಕುದಿಸಿ ಕಿಣ್ವ ಕೆಡಿಸಿದ ಅದೇ ದ್ರವದ ಕೊಳವೆಯೂ ಇರಲಿ. ಅದಿಲ್ಲದ ಅಳತೆಗೆ ಬೆಲೆಯಿಲ್ಲ.

ಇನ್ನೊಂದು ಮಾತು. ಬೆಳೆಸಿದ ಯೀಸ್ಟ್ ಹಳತಾದಂತೆ ಸತ್ತ ಕೋಶಗಳು ಒಡೆದು, ಅವುಗಳೊಳಗಿನ ಚೀಲದಂಥ ಕೋಶಕುಹರದಲ್ಲಿದ್ದ ಪ್ರೋಟಿಯೇಸ್‌ಗಳು ಹೊರಗೆ ಸೋರುತ್ತವೆ. ಅದನ್ನು ಸ್ರವಿಸಿದ ಕಿಣ್ವವೆಂದು ಬರೆದುಬಿಟ್ಟೀಯೆ! ಮೊದಲ ದಿನದಿಂದಲೇ ಹೊತ್ತುಹೊತ್ತಿಗೆ ಮಾದರಿ ತೆಗೆದಿಡು. ಕಿಣ್ವದ ಜಾತಿ ತಿಳಿಯಲು, ಒಂದೊಂದು ಜಾತಿಯನ್ನು ತಡೆಯುವ ಪೆಪ್‌ಸ್ಟಾಟಿನ್, ಇಡಿಟಿಎ, ಪಿಎಂಎಸ್‌ಎಫ್ ಬಳಸಬೇಕಾಗುತ್ತದೆ. ಕೊನೆಯದು ವಿಷ, ಕೈಗವಸಿಲ್ಲದೆ ಮುಟ್ಟಕೂಡದು.

ಆಮ್ಲ ಸುರಿದ ಮೇಲಿನ ತಟ್ಟೆಯ ಚಿತ್ರ ಕಳುಹಿಸು. ಬಳೆ ಮಾಯವಾಗಿದ್ದರೂ ಕಳುಹಿಸು. ಮುಂದಿನ ಕಾಲೊನಿಯನ್ನು ಇಬ್ಬರೂ ಕೂತು ಆರಿಸೋಣ.

ಇತಿ,
ನಿನ್ನ ದೊಡ್ಡಮ್ಮ