ಕ್ಯೋಟೋದ ಆ ಹಿರಿಯರಿಗೆ ನಮಸ್ಕಾರ

ಕಳೆದ ವರ್ಷ ಕ್ಯೋಟೋದ ಫುಶಿಮಿ ಇನಾರಿ ದೇಗುಲದ ಮೆಟ್ಟಿಲುಗಳ ಮೇಲೆ ನನ್ನ ತಂದೆಯವರು ತಲೆಸುತ್ತಿ ಕುಸಿದಾಗ, ಊರಿನ ರೂಢಿಯಂತೆ 108 ಒತ್ತುತ್ತಿದ್ದ ನನ್ನ ಕೈಯನ್ನು ಮೆಲ್ಲನೆ ತಡೆದು, ತಮ್ಮ ಫೋನಿನಿಂದಲೇ 119ಕ್ಕೆ ಕರೆ ಮಾಡಿದ ಹಿರಿಯ ಮಹಿಳೆಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್ ಹಾಗೂ ಅಗ್ನಿಶಾಮಕ ದಳ ಎರಡಕ್ಕೂ 119 ಎಂಬುದಾಗಲಿ, ಕರೆ ಸ್ವೀಕರಿಸಿದವರು ಮೊದಲು ‘ಬೆಂಕಿಯೋ, ಆಂಬುಲೆನ್ಸೋ’ ಎಂದೇ ಕೇಳುತ್ತಾರೆ ಎಂಬುದಾಗಲಿ ನನಗೆ ತಿಳಿದಿರಲಿಲ್ಲ. ಹೋಟೆಲು, ರೈಲುಗಳ ವಿವರವನ್ನು ತಿಂಗಳುಗಟ್ಟಲೆ ಹುಡುಕಿದ್ದವನು ಈ ಎರಡು ಸಂಖ್ಯೆಗಳನ್ನು ಮಾತ್ರ ನೋಡಿಕೊಂಡಿರಲಿಲ್ಲ. ಆಂಬುಲೆನ್ಸಿಗೆ ಹಣ ಕೊಡಲು ಪರ್ಸು ತೆರೆದಾಗ, ಅದು ಉಚಿತವೆಂದು ಕೈಸನ್ನೆಯಲ್ಲೇ ತಿಳಿಸಿದವರೂ ಅವರೇ. ಹೊರಡುವ ಮುನ್ನ ನನ್ನ ನಕ್ಷೆಯ ಅಂಚಿನಲ್ಲಿ 119 ಎಂದು ದಪ್ಪಗೆ ಬರೆದುಕೊಟ್ಟರು, ಹೆಸರನ್ನು ಬರೆಯಲಿಲ್ಲ. ತಂದೆಯವರು ಈಗ ಆರೋಗ್ಯವಾಗಿದ್ದಾರೆ, ಆ ನಕ್ಷೆ ಅವರ ಪಾಸ್‌ಪೋರ್ಟಿನೊಳಗಿದೆ.